ಉತ್ತರದ ತುದಿ, ಮೇಲಿನಿಂದ ಮೂರನೆಯ ಮೆಟ್ಟಿಲು

ಮೊದಲ ಭೇಟಿಯಲ್ಲೇ ನನ್ನನ್ನು ಗದರಿದ ಗಂಡಸರು ಇಬ್ಬರು. ಒಬ್ಬರು ನನ್ನ ಮಾವನವರು. ಇನ್ನೊಬ್ಬರು, ಹೋದ ತಿಂಗಳು ಮಧ್ಯಾಹ್ನ ಊಟ ಮಾಡಿ ಮಲಗಿದವರು ಮತ್ತೆ ಏಳದೇ ಹೋದ ನಮ್ಮ ಮೈದಾನದ ಚಾಚಾ. ಮಾವನವರು ಏನೆಂದು ಬೈದರೋ ಈಗ ನೆನಪಿಲ್ಲ. ಚಾಚಾ ಅಂದದ್ದು ಅಕ್ಷರಕ್ಕಕ್ಷರ ನೆನಪಿದೆ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ದೊಡ್ಡಬಳ್ಳಾಪುರದ ಹೈಸ್ಕೂಲೊಂದಕ್ಕೆ ಪಿ.ಟಿ. ಟೀಚರಾಗಿ ಬಂದಿದ್ದೆ. ಶಾಲೆಗೆ ಸ್ವಂತ ಮೈದಾನವಿರಲಿಲ್ಲ. ಮಗ್ಗದ ಬೀದಿಗಳು ಮುಗಿಯುವಲ್ಲಿ ಊರಿಗೆಲ್ಲ ಸೇರಿದ ಒಂದು ಹಳೆಯ ಆಟದ ಮೈದಾನವಿತ್ತು, ಅದರ ಪಶ್ಚಿಮಕ್ಕೆ ಒಂದು ಸಣ್ಣ ಪೆವಿಲಿಯನ್. ಮೊದಲ ದಿನ ಹುಡುಗಿಯರನ್ನು ಎರಡು ಸುತ್ತು ಓಡಲು ಬಿಟ್ಟು, ಶೂ ಲೇಸು ಕಟ್ಟಿಕೊಳ್ಳೋಣವೆಂದು ಅದರ ಉತ್ತರದ ತುದಿಯ ಮೆಟ್ಟಿಲ ಮೇಲೆ ಕೂತೆ. ಮೈದಾನದ ಆ ತುದಿಯಿಂದ ಸುಣ್ಣದ ಡಬ್ಬ ಬಿಸಾಕಿ ಒಬ್ಬರು ಓಡಿ ಬಂದರು.

“ಏಳಿ ಮೇಡಂ, ಏಳಿ! ಅಲ್ಲಿ ಜನ ಇದಾರೆ!”

ನಾನು ಧಡಕ್ಕನೆ ಎದ್ದು ಹಿಂದೆ ಮುಂದೆ ನೋಡಿದೆ. ಏಳು ಸಾಲು ಮೆಟ್ಟಿಲುಗಳಲ್ಲಿ ಒಂದು ಕಾಗೆಯೂ ಇರಲಿಲ್ಲ.

“ಯಾರ್ರೀ ಇದಾರೆ?”

“ಇದಾರೆ. ನೀವು ಆ ಕಡೆ ಕೂತ್ಕೊಳಿ. ಅಲ್ಲಿ ಗಾಳಿನೂ ಚೆನ್ನಾಗೈತೆ.”

ಅಷ್ಟು ಹೇಳಿ ಡಬ್ಬ ಎತ್ತಿಕೊಂಡು ಟ್ರ್ಯಾಕಿಗೆ ಸುಣ್ಣ ಹಾಕಲು ಹೋದರು. ಎಂಥ ಪೊಗರು ಈ ಮನುಷ್ಯನಿಗೆ ಅಂದುಕೊಂಡೆ. ಅವರು ಮೈದಾನ ನೋಡಿಕೊಳ್ಳುವವರೆಂದೂ, ಎಲ್ಲರೂ ಚಾಚಾ ಎಂದೇ ಕರೆಯುತ್ತಾರೆಂದೂ ಆಮೇಲೆ ಗೊತ್ತಾಯಿತು. ಹೆಸರು ನನಗೆ ಗೊತ್ತಿಲ್ಲವೆಂದಲ್ಲ. ಅವರಿಗೆ ತಮ್ಮ ಹೆಸರು ಯಾರ ಬಾಯಲ್ಲೂ ಬರುವುದು ಇಷ್ಟವಿರಲಿಲ್ಲ, ಇಲ್ಲೂ ಬೇಡ.

ಪೆವಿಲಿಯನ್ ಬಗ್ಗೆ ಹೇಳಬೇಕು. ನನ್ನ ಕಣ್ಣಿಗೆ ಅದು ಅರ್ಧ ಕಟ್ಟಿ ಕೈಬಿಟ್ಟ ಬಸ್ ಸ್ಟ್ಯಾಂಡಿನಂತಿತ್ತು. ಹಿಂದೆ ಒಂದು ಗೋಡೆ, ಗೋಡೆಯ ಮೇಲ್ಭಾಗಕ್ಕೆ ಚೌಕ ತೂತುಗಳ ಸಿಮೆಂಟಿನ ಜಾಲಿ. ಆ ಗೋಡೆಯಿಂದ ಮುಂದಕ್ಕೆ, ಆಕಾಶದ ಕಡೆ ಸ್ವಲ್ಪ ತಲೆಯೆತ್ತಿ, ಹದಿನಾಲ್ಕು ಅಡಿ ಚಾಚಿಕೊಂಡ ತೆಳ್ಳನೆಯ ಕಾಂಕ್ರೀಟ್ ಚಾವಣಿ. ಮುಂದುಗಡೆ ಒಂದೇ ಒಂದು ಕಂಬವಿಲ್ಲ. ಮುಂದಿನ ಅಂಚು ಒಂದು ಅಂಗೈ ಅಗಲದಷ್ಟೇ ದಪ್ಪ. ಸಂಜೆ ಹೊತ್ತು ಬಿಸಿಲು ಜಾಲಿಯಿಂದ ತೂರಿ ಮೆಟ್ಟಿಲುಗಳ ಮೇಲೆಲ್ಲ ಚೌಕ ಚೌಕವಾಗಿ ಬೀಳುತ್ತಿತ್ತು. ಯಾರೋ ಕನ್ನಡಕದ ಹುಡುಗ ಆರ್ಕಿಟೆಕ್ಟ್ ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದು ಹೋಗಿ ಕಟ್ಟಿಸಿದ್ದಂತೆ. “ನೋಡೋರ ಕಣ್ಣಿಗೂ ಆಟಕ್ಕೂ ಮಧ್ಯ ಒಂದು ಕಡ್ಡಿನೂ ಅಡ್ಡ ಬರಬಾರದು ಅಂತಿದ್ದ ಆ ಹುಡುಗ,” ಎಂದು ಚಾಚಾ ಒಮ್ಮೆ ಹೇಳಿದ್ದರು. ನಿಮಗೆ ಹೇಗೆ ಗೊತ್ತು ಅಂದರೆ ಮಾತು ತಿರುಗಿಸಿದರು.

ಚಾಚಾ ಯಾರ ಜೊತೆ ಮಾತಾಡುವ ಮೊದಲೂ ಒಮ್ಮೆ ಮೇಲೆ ನೋಡುತ್ತಿದ್ದರು. ಬಯಲಲ್ಲಿ ನಿಂತಿದ್ದರೂ ಅಷ್ಟೇ. ಜೇಬಿನಲ್ಲಿ ಒಂದು ಕಬ್ಬಿಣದ ಕೊಕ್ಕೆ, ಗಾರೆ ಕೆಲಸದವರು ಕಂಬಿಗೆ ತಂತಿ ಬಿಗಿಯಲು ಇಟ್ಟುಕೊಳ್ಳುವಂಥದ್ದು. ಅದರಲ್ಲೇ ಕಳೆ ಕೀಳುವುದು, ಸೋಡಾ ಮುಚ್ಚಳ ತೆಗೆಯುವುದು, ಬೆನ್ನು ಕೆರೆದುಕೊಳ್ಳುವುದು, ಎಲ್ಲ ಎಡಗೈಯಲ್ಲೇ. ದಿನಾ ಮಧ್ಯಾಹ್ನ ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಇಡುತ್ತಿದ್ದರು. “ಏನಂತೆ ಚಾಚಾ ಗೋಡೆ?” ಎಂದು ರೇಗಿಸಿದರೆ, “ಹೇಳೋದಾಗಿದ್ರೆ ಯಾವತ್ತೋ ಹೇಳ್ಬಿಡ್ತಿತ್ತು ಮೇಡಂ,” ಅನ್ನುತ್ತಿದ್ದರು.

ಒಂದು ಸಲ ನನಗೂ ಅವರಿಗೂ ಹತ್ತಿಕೊಂಡು ಉರಿಯಿತು. ಹೋಬಳಿ ಮಟ್ಟದ ಕ್ರೀಡಾಕೂಟ. ಖೋ ಖೋ ಅರ್ಧದಲ್ಲಿ ದಪದಪ ಮಳೆ ಸುರಿಯಿತು. ಇನ್ನೂರು ಮಕ್ಕಳು ಆ ಚಾವಣಿಯ ಕೆಳಗೆ ನುಗ್ಗಿದರು. ಉತ್ತರದ ತುದಿ ಮಾತ್ರ ಎಂದಿನಂತೆ ಖಾಲಿ. ನಾನು ಹತ್ತು ಹುಡುಗಿಯರನ್ನು ಅಲ್ಲಿಗೆ ಹತ್ತಿಸಿದೆ. ಚಾಚಾ ಎಲ್ಲಿದ್ದರೋ ಬಂದು, ಒಬ್ಬೊಬ್ಬಳನ್ನೂ ತೋಳು ಹಿಡಿದು ಮಳೆಗೆ ದಬ್ಬಿದರು. ಒಬ್ಬಳಿಗೆ ಜ್ವರ ಬೇರೆ ಇತ್ತು.

“ನಿಮಗೇನು ಹುಚ್ಚಾ? ಮಕ್ಕಳನ್ನ ನೆನೆಯೋಕೆ ಬಿಡ್ತೀರಲ್ಲ!” ಎಂದು ಕಿರುಚಿದೆ.

“ನೆನೀಲಿ. ನೆಂದ್ರೆ ಒಣಗ್ತಾರೆ,” ಅಂದರು. ಅವರ ಗದ್ದ ನಡುಗುತ್ತಿತ್ತು.

ಒಂದು ತಿಂಗಳು ನಾನು ಅವರ ಮುಖ ನೋಡಲಿಲ್ಲ. ಆಮೇಲೆ ಒಂದು ದಿನ ನನ್ನ ಸ್ಕೂಟರಿನ ಬುಟ್ಟಿಯಲ್ಲಿ ಮಾಕಳಿದುರ್ಗದ ಕಡೆಯ ಸೀತಾಫಲ ಎಂಟು ಇದ್ದವು. ಸಿಟ್ಟಿಗೆದ್ದ ಹೆಂಗಸನ್ನು ಹಣ್ಣಿನಿಂದ ಸಮಾಧಾನ ಮಾಡಬಹುದೆಂದು ತಿಳಿದ ಗಂಡಸಿನ ಮೇಲೆ ಎಷ್ಟು ದಿನ ಮುನಿಸಿಕೊಂಡಿರಲಾಗುತ್ತದೆ?

ಊರಿನಲ್ಲಿ ಎಲ್ಲರಿಗೂ ಆ ಜಾಗದ ವಿಷಯ ಗೊತ್ತಿತ್ತು. ಅಲ್ಲಿ ಯಾರೋ ಕೂರುತ್ತಾರೆ, ಅಷ್ಟೇ. ಪಂದ್ಯ ನೋಡಲು ಬಂದವರು ಕಿಕ್ಕಿರಿದರೂ ಅಲ್ಲಿಗೆ ಸರಿಯುತ್ತಿರಲಿಲ್ಲ. ನನಗೆ ದೆವ್ವ ಭೂತದ ಮೇಲೆ ನಂಬಿಕೆಯಿಲ್ಲ. ಇದ್ದರೂ ಬೆಳಿಗ್ಗೆ ಆರಕ್ಕೆ ಎದ್ದು ಹುಡುಗಿಯರನ್ನು ಓಡಿಸುವವಳಿಗೆ ಪುರುಸೊತ್ತಿಲ್ಲ. ಆದರೆ ನಾನೂರು ಮೀಟರ್ ಓಡುವ ನಮ್ಮ ಹುಡುಗಿಯೊಬ್ಬಳು, ದಾಬಸ್‌ಪೇಟೆಯಿಂದ ಹೊಸದಾಗಿ ಬಂದು ಸೇರಿದವಳು, ಊರಿನ ಯಾವ ಕತೆಯನ್ನೂ ಕೇಳಿರದವಳು, ಒಂದು ಸಂಜೆ ಏದುಸಿರು ಬಿಡುತ್ತಾ ಬಂದು ಕೇಳಿದಳು:

“ಮಿಸ್, ಅಲ್ಲಿ ಕೂತಿರೋ ಅಣ್ಣ ಯಾರು? ನಾನು ಓಡುವಾಗೆಲ್ಲ ನೋಡ್ತಾ ಇರ್ತಾರೆ.”

“ಯಾವ ಅಣ್ಣನೇ?”

“ಅದೇ, ಹೆಗಲ ಮೇಲೆ ತಂತಿ ಸುರುಳಿ ಹಾಕ್ಕೊಂಡಿರ್ತಾರಲ್ಲ.”

ಗ್ಲೂಕೋಸ್ ಕುಡಿಸಿ, ನಾಲ್ಕು ಬೈದು ಮನೆಗೆ ಕಳಿಸಿದೆ. ಮರುದಿನ ಚಾಚಾಗೆ ಇದನ್ನು ತಮಾಷೆಯಾಗಿಯೇ ಹೇಳಿದೆ. ಅವರು ನಗಲಿಲ್ಲ. “ತಂತಿ ಯಾವ ಹೆಗಲ ಮೇಲಿತ್ತಂತೆ?” ಎಂದು ಕೇಳಿದರು. ಬಲ ಹೆಗಲು ಅಂದೆ. ಅವರು ಎಡಗೈ ಎತ್ತಿ ತಮ್ಮ ಬಲ ಹೆಗಲನ್ನು ಒಮ್ಮೆ ಮುಟ್ಟಿ ನೋಡಿಕೊಂಡು ನೀರು ಕುಡಿಯಲು ಎದ್ದು ಹೋದರು.

ಆಮೇಲೆ ನಾನೂ ಕಳ್ಳನ ಹಾಗೆ ಆ ಕಡೆ ನೋಡತೊಡಗಿದೆ. ಏನೂ ಕಾಣಲಿಲ್ಲ, ದೇವರಾಣೆ. ಕಂಡದ್ದು ಇಷ್ಟೇ: ನಾಲ್ಕೂವರೆಯ ಬಿಸಿಲು ಜಾಲಿಯಿಂದ ತೂರಿ ಎಲ್ಲ ಮೆಟ್ಟಿಲುಗಳ ಮೇಲೂ ಚೌಕಗಳನ್ನು ಹಾಸಿದಾಗ, ಉತ್ತರದ ತುದಿಯಲ್ಲಿ ಮೇಲಿನಿಂದ ಮೂರನೆಯ ಮೆಟ್ಟಿಲ ಮೇಲೆ ಎರಡು ಚೌಕ ಇರುತ್ತಿರಲಿಲ್ಲ. ಜಾಲಿಯಲ್ಲಿ ಜೇಡರ ಬಲೆ ಕಟ್ಟಿರಬೇಕೆಂದು ಡಸ್ಟರ್ ಹಿಡಿದು ಹಿಂದಿನಿಂದ ಏಣಿ ಹತ್ತಿ ಒರೆಸಿ ಬಂದೆ. ತೂತುಗಳು ಶುಭ್ರವಾಗಿದ್ದವು. ಇಳಿದು ಬಂದು ನೋಡಿದರೆ ಆ ಎರಡು ಚೌಕ ಆಗಲೂ ಇರಲಿಲ್ಲ. ಒಬ್ಬ ಮನುಷ್ಯ ಕೂರುವಷ್ಟು ಅಗಲ ಕತ್ತಲೆ. ಯಾರಿಗೂ ಹೇಳಲಿಲ್ಲ, ಪಿ.ಟಿ. ಮೇಡಂಗೆ ತಲೆ ಕೆಟ್ಟಿದೆ ಅಂದಾರು.

ಬೇಸಿಗೆಯ ಮಧ್ಯಾಹ್ನಗಳು ಇನ್ನೂ ವಿಚಿತ್ರ. ಕರೆಂಟು ಇದ್ದಾಗ ಮಗ್ಗಗಳ ಖಟಖಟದಲ್ಲಿ ಬೇರೇನೂ ಕೇಳುವುದಿಲ್ಲ. ಕರೆಂಟು ಹೋಯಿತೆಂದರೆ ಬೀದಿಗೆ ಬೀದಿಯೇ ಒಮ್ಮೆಲೇ ಬಾಯಿ ಮುಚ್ಚುತ್ತದೆ. ಆಗ ಚಾವಣಿಯಿಂದ ‘ಟಿಕ್’ ಎಂಬ ಸದ್ದು ಬರುತ್ತಿತ್ತು, ಸ್ವಲ್ಪ ಬಿಟ್ಟು ಇನ್ನೊಂದು. ಬಿಸಿಲಿಗೆ ಕಾಂಕ್ರೀಟು ಹಿಗ್ಗುವುದು ಅಷ್ಟೇ ಎಂದು ನನ್ನ ಗಂಡ ಹೇಳಿದರು. ಆದರೆ ಚಾಚಾ ಅಂಥ ಹೊತ್ತಿನಲ್ಲಿ ಕೈಯಲ್ಲಿದ್ದ ಕಡಲೆಕಾಯಿ ಬಿಡಿಸದೆ, ಉಸಿರು ಹಿಡಿದು, ಟಿಕ್‌ಗಳನ್ನು ಎಣಿಸುತ್ತಿದ್ದರು.

ಹೀಗೇ ವರ್ಷಗಳು ಕಳೆದವು. ಎರಡು ವರ್ಷದ ಹಿಂದೆ ಮೈದಾನದ ಸಮಿತಿಯವರು ಪೆವಿಲಿಯನ್ ಕೆಡವಿ ತಗಡಿನ ಗ್ಯಾಲರಿ ಹಾಕಿಸುವ ಯೋಚನೆ ಮಾಡಿದರು. ಅದು ಹೇಗೋ ಬೆಂಗಳೂರಿನ ಒಂದು ಆರ್ಕಿಟೆಕ್ಚರ್ ಕಾಲೇಜಿನ ಹುಡುಗರಿಗೆ ಗೊತ್ತಾಗಿ, ಟೇಪು ಕ್ಯಾಮೆರಾ ಹಿಡಿದು ದಂಡು ದಂಡಾಗಿ ಬಂದರು. ಇಂಥ ಕಟ್ಟಡ ಈ ಕಡೆ ಇನ್ನೊಂದಿಲ್ಲ ಮೇಡಂ, ಇದು ಪರಂಪರೆ, ಕೆಡವಬಾರದು ಎಂದು ನನಗೇ ಪಾಠ ಮಾಡಿದರು. ನನ್ನ ಬಸ್ ಸ್ಟ್ಯಾಂಡಿಗೆ ಇಷ್ಟು ಬೆಲೆಯೇ ಎಂದು ಆಶ್ಚರ್ಯವಾಯಿತು. ಮೊದಲ ಬಾರಿಗೆ ದೂರ ನಿಂತು ಅದನ್ನು ನೋಡಿದೆ. ಚೆನ್ನಾಗಿಯೇ ಇತ್ತು. ಸಮಿತಿಯವರು ಒಂದು ಷರತ್ತು ಹಾಕಿದರು: ಚಾವಣಿ ಗಟ್ಟಿಯಿದೆಯೆಂದು ತೋರಿಸಿ, ಇಲ್ಲವೇ ಗಟ್ಟಿ ಮಾಡಿ, ಆಮೇಲೆ ಮಾತಾಡೋಣ. ಕಾಂಕ್ರೀಟಿನ ಒಳಗಿರುವ ಕಂಬಿಯನ್ನು ಹೊರಗಿನಿಂದಲೇ ಪತ್ತೆ ಮಾಡುವ ಮಷೀನ್ ಹಿಡಿದು ಒಬ್ಬ ಇಂಜಿನಿಯರ್ ಹುಡುಗಿ ಬರುವುದೆಂದಾಯಿತು.

ಅವಳು ಬರುವ ಹಿಂದಿನ ದಿನ ಚಾಚಾ ನನ್ನನ್ನು ದಕ್ಷಿಣದ ತುದಿಯಲ್ಲಿ ಕೂರಿಸಿಕೊಂಡರು.

“ಮೇಡಂ, ಈ ಕಟ್ಟಡದ ಕಂಬಿ ಕಟ್ಟಿದ್ದು ನಾನು,” ಅಂದರು. “ಇಪ್ಪತ್ತೆರಡು ವರ್ಷ ನನಗಾಗ. ಹೊಸದಾಗಿ ಮದ್ವೆ ಆಗಿತ್ತು.”

ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಅದು ನನಗೆ ಅಪರೂಪ.

“ಕಂಬ ಇಲ್ದೆ ಮುಂದಕ್ಕೆ ಚಾಚೋ ಚಾವಣಿಗೆ ಕಂಬಿ ಮೇಲ್ಗಡೆ ಇರ್ಬೇಕು. ಕೆಳಗಡೆ ಇದ್ರೆ ಇದ್ದೂ ಇಲ್ದಂಗೆ. ಕಾಂಕ್ರೀಟ್ ಹಾಕೋ ದಿನ ಬಾಂಡ್ಲಿ ಹೊತ್ತೋರು ಕಂಬಿ ಮೇಲೇ ಓಡಾಡ್ತಾರೆ, ತುಳಿದು ತುಳಿದು ಕಂಬಿ ಕೂತುಬಿಡುತ್ತೆ. ಹಿಂದೆ ಹಿಂದೇನೇ ಹೋಗಿ ಕೊಕ್ಕೆ ಹಾಕಿ ಮೇಲೆತ್ತಬೇಕು. ಅದು ನನ್ನ ಕೆಲಸ. ಅವತ್ತು ಮೋಡ ಕವೀತು, ನನಗೆ ಕೆಲಸ ಕಲಿಸಿದ ಉಸ್ತಾದ್ ಬೇಗ ಬೇಗ ಅಂದ್ರು. ನಾನು ಆ ತುದಿಗೆ ಬರೋವಷ್ಟರಲ್ಲಿ ಕಾಂಕ್ರೀಟ್ ಮುಚ್ಚಿಬಿಟ್ಟಿತ್ತು. ಕಾಲಲ್ಲಿ ಒತ್ತಿ ನೋಡ್ದೆ. ಕಂಬಿ ಸಿಗಲಿಲ್ಲ. ಕೆಳಗೆ ಹೋಗ್ಬಿಟ್ಟಿತ್ತು.”

“ಹೇಳಬೇಕಿತ್ತು ತಾನೆ?”

“ಆಗ ಸಿಮೆಂಟು ಪರ್ಮಿಟ್ ಮೇಲೆ ಸಿಗ್ತಿತ್ತು ಮೇಡಂ. ಕೀಳಿಸಿದ್ರೆ ಇಡೀ ದಿನದ ಮಾಲು ಮಣ್ಣುಪಾಲು. ಬಾಯಿ ಬರಲಿಲ್ಲ. ನಮ್ಮ ಉಸ್ತಾದ್ ಹತ್ರ ಒಂದು ಕಾನೂನಿತ್ತು. ಕಾಂಕ್ರೀಟ್ ಗಟ್ಟಿಯಾದ ಮೇಲೆ, ಕೆಳಗೆ ಕೊಟ್ಟ ಆಸರೆ ಕಂಬ ಎಲ್ಲ ತೆಗೆದು ಕೊನೇ ಕಂಬ ಹೊಡೆಯೋವಾಗ, ಕಂಬಿ ಕಟ್ಟಿದೋನು ಅದರ ಕೆಳಗೆ ಕೂತಿರಬೇಕು. ತನ್ನ ಕೆಲಸದ ಕೆಳಗೆ ತಾನು ಕೂರದೋನು ಬೇರೆಯೋರನ್ನ ಕೂರಿಸಬಾರದು ಅನ್ನೋರು.”

“ಕೂತ್ರಾ?”

“ಹೊಟ್ಟೆನೋವು ಅಂದೆ.” ಅವರು ಮೈದಾನದ ಉತ್ತರ ಮೂಲೆಗೆ ಕೈ ತೋರಿಸಿದರು. “ಅಲ್ಲೊಂದು ಹುಣಿಸೆಮರ ಇತ್ತು. ಅದರ ಹಿಂದೆ ನಿಂತು ನೋಡ್ದೆ. ಉಸ್ತಾದ್ ಸ್ವಲ್ಪ ಹೊತ್ತು ಕಾದ್ರು. ಆಮೇಲೆ ನನ್ನ ಜಾಗಕ್ಕೆ ಹೋಗಿ ಅವರೇ ಕೂತು, ಬೀಡಿ ಹಚ್ಚಿ, ಹೊಡೀರೋ ಅಂದ್ರು. ನಾಲ್ಕು ಮಕ್ಕಳ ತಂದೆ. ಚಾವಣಿ ಒಂದು ಬೆರಳಷ್ಟು ಇಳೀತು. ನಿಂತ್ಕಂತು. ಸಂಜೆ ನನ್ನ ಹತ್ರ ಬಂದು, ಹೊಟ್ಟೆನೋವು ಹೋಯ್ತೇನೋ, ನಿನ್ನ ಜಾಗ ಹಂಗೇ ಐತೆ ಅಂದ್ರು. ಅಷ್ಟೇ. ನಂಬಿಬಿಟ್ರು ಮೇಡಂ. ಬೈದಿದ್ರೆ ಬದುಕ್ಕೊಳ್ತಿದ್ದೆ. ಅವರು ತೀರಿಕೊಂಡ ಮೇಲೆ ಬೇರೆ ಕೆಲಸ ಎಲ್ಲ ಬಿಟ್ಟು, ಇಲ್ಲಿ ಮೈದಾನ ನೋಡ್ಕೊಳ್ಳೋಕೆ ಸೇರ್ಕೊಂಡೆ. ಯಾರೂ ಅದರ ಕೆಳಗೆ ಕೂರಬಾರದು, ಅದಕ್ಕೆ. ಜನ ಇದಾರೆ ಅಂತ ಸುಳ್ಳು ಹೇಳ್ತಾ ಬಂದೆ. ನಾಲ್ಕೈದು ವರ್ಷ ಆದ್ಮೇಲೆ ಅದು ಸುಳ್ಳಾಗಿರಲಿಲ್ಲ.”

“ಯಾರದು ಚಾಚಾ?”

“ನಿಮ್ಮ ಹುಡುಗಿ ಹೇಳಿದಳಲ್ಲ. ಎಡಚ ಕಣಮ್ಮ ನಾನು. ಎಡಗೈಗೆ ಸಲೀಸಾಗ್ಲಿ ಅಂತ ತಂತಿ ಬಲಗಡೆ ಹಾಕ್ಕೊಂತಿದ್ದೆ. ಅವತ್ತು ಅಲ್ಲಿ ಕೂರಬೇಕಿದ್ದ ನಾನೇ ಅದು.”

ಮಳೆಯ ದಿನ ಅವರ ಗದ್ದ ನಡುಗಿದ್ದು ಏಕೆಂದು ಆಗ ಅರ್ಥವಾಯಿತು. ನಾನು ಆ ದಿನ ಕಿರುಚಿದ್ದಕ್ಕೆ ಕ್ಷಮೆ ಕೇಳಿದೆ. ಅವರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ನಾಳೆ ಮಷೀನ್ ಬಂದು ಎಲ್ಲ ಹೇಳಿಬಿಡುತ್ತದೆ, ಅದಕ್ಕೂ ಮೊದಲು ನೀವೇ ಹೇಳಿ ಅಂದೆ. ಹೇಳಿದರೆ ಕೆಡವುತ್ತಾರೇನೋ ಎಂಬ ಭಯ ಅವರಿಗೆ; ಆ ಜಾಗವೇ ಇಲ್ಲವಾದರೆ, ಅಂದು ಕೂರದ ತಾನು ಇನ್ನು ಕೂರುವುದೆಲ್ಲಿ ಎಂಬುದು ಅವರ ಚಿಂತೆ.

ಆದರೂ ಮರುದಿನ ಹೇಳಿದರು. ಇಂಜಿನಿಯರ್ ಹುಡುಗಿ ಮಷೀನ್ ಬಿಚ್ಚುವ ಮೊದಲೇ ಏಣಿ ಹತ್ತಿ, ಚಾವಣಿಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. “ಇಲ್ಲಿಂದ ಆ ತುದಿವರೆಗೂ ಕಂಬಿ ಕೆಳಗೈತೆ ತಾಯಿ. ನನ್ನ ತಪ್ಪು.” ಅಲ್ಲಿಯವರೆಗೆ ಕಂಬಿ ಮೇಲಿದೆ ಎನ್ನುತ್ತಿದ್ದ ಮಷೀನ್ ಸರಿಯಾಗಿ ಅದೇ ಗೆರೆಗೆ ಬಂದು ಬೇರೆ ಮಾತು ಹೇಳಿತು. ಕಂಬಿ ನಾಲ್ಕು ಬೆರಳು ಆಳಕ್ಕೆ ಇಳಿದಿತ್ತು.

ಹುಡುಗಿ ಬಹಳ ಹೊತ್ತು ಪರದೆ ನೋಡಿ, “ಇದು ಇಷ್ಟು ವರ್ಷ ಹೆಂಗೆ ನಿಂತಿದೆ ಅಂತಾನೇ ಗೊತ್ತಾಗ್ತಿಲ್ಲ ಮೇಡಂ,” ಅಂದಳು. “ಪಕ್ಕದ ಭಾಗ ಹೊತ್ಕೊಂಡಿರಬೇಕು. ಲೆಕ್ಕಕ್ಕಂತೂ ಸಿಗಲ್ಲ.”

ಚಾಚಾ ಖಾಲಿ ಮೆಟ್ಟಿಲ ಕಡೆ ನೋಡಿದರು.

ಸರಿಮಾಡಬಹುದು ಎಂದು ಅವಳು ಸಮಿತಿಯವರನ್ನು ಒಪ್ಪಿಸಿದಳು. ಚಾವಣಿಗೆ ಕೆಳಗಿನಿಂದ ಕಬ್ಬಿಣದ ಆಸರೆ ಕಂಬಗಳನ್ನು ಕೊಟ್ಟು, ಮೇಲಿನಿಂದ ಗೀರು ಕೊರೆದು ಹೊಸ ಕಂಬಿಗಳನ್ನು ಕೂರಿಸಿದರು. ಚಾಚಾ ವಯಸ್ಸು ಮರೆತು ದಿನವಿಡೀ ಮೇಲೆಯೇ ಇದ್ದರು. ಪ್ರತಿಯೊಂದು ಕಂಬಿಯನ್ನೂ ಕೊಕ್ಕೆಯಿಂದ ಎಳೆದು ನೋಡಿದರು. ಯಾರಾದರೂ ತುಳಿದರೆ ಅಪ್ಪ ಅಮ್ಮನನ್ನೆಲ್ಲ ಎಳೆದು ಬೈದರು. ಆಸರೆ ತೆಗೆಯುವ ದಿನ ಕೆಲಸದವನೊಬ್ಬ ಗೋಡೆಯ ಹತ್ತಿರದ ಕಂಬಕ್ಕೆ ಮೊದಲು ಕೈ ಹಾಕಿದಾಗ ಇಡೀ ಮೈದಾನ ಕೇಳುವಂತೆ ಕೂಗಿದರು: “ಲೇ! ಮುಂದಿನ ಅಂಚಿಂದ ತೆಗಿಯೋ! ಗೋಡೆ ಕಡೆಯಿಂದ ತೆಗೆದ್ರೆ ಬೆನ್ನು ಮುರೀತದೆ ಅದರದು!” ಹುಡುಗಿ ಹೌದೆಂದು ತಲೆಯಾಡಿಸಿದಳು. ಅಂಚಿನಿಂದ ಒಂದೊಂದೇ ಸಾಲು ಬಿಚ್ಚುತ್ತಾ ಬಂದರು. ಕೊನೆಗೆ ಉತ್ತರದ ತುದಿಯಲ್ಲಿ, ಗೋಡೆಯ ಹತ್ತಿರ, ಒಂದು ಕಂಬ ಉಳಿಯಿತು.

ಆ ಹೊತ್ತಿಗೆ ನನ್ನ ಶಾಲೆಯ ಮಕ್ಕಳು ಅಭ್ಯಾಸಕ್ಕೆಂದು ಬಂದಿದ್ದರು. ಹತ್ತಿರ ಬರಬಾರದೆಂದು ಅವರನ್ನು ಮೈದಾನದ ಉತ್ತರ ಮೂಲೆಯಲ್ಲಿ, ಹಿಂದೆ ಹುಣಿಸೆಮರ ಇದ್ದ ಕಡೆ, ಎರಡು ಸಾಲಾಗಿ ಒತ್ತೊತ್ತಾಗಿ ನಿಲ್ಲಿಸಿ ಬಂದೆ.

ಚಾಚಾ ಮೆಟ್ಟಿಲು ಹತ್ತತೊಡಗಿದರು. ಹುಡುಗಿ ಅಡ್ಡ ನಿಂತಳು. “ಅಜ್ಜ, ಕೆಳಗೆ ಯಾರೂ ಇರೋ ಹಾಗಿಲ್ಲ.”

“ನಿಮ್ಮ ಲೆಕ್ಕದ ಮೇಲೆ ನಿಮಗೆ ನಂಬಿಕೆ ಐತಾ ತಾಯಿ?”

“ಇದೆ.”

“ನನ್ನ ಕೆಲಸದ ಮೇಲೆ ನನಗೂ ಐತೆ, ಇವತ್ತು. ದಾರಿ ಬಿಡಿ.”

ಅವಳು ನನ್ನ ಮುಖ ನೋಡಿದಳು. ಬೇಡ ಅನ್ನಬೇಕಿತ್ತು, ಜವಾಬ್ದಾರಿ ಇರುವ ಯಾರಾದರೂ ಅನ್ನುತ್ತಿದ್ದರು. “ಬಿಡಮ್ಮ,” ಅಂದೆ. ಅವಳು ತನ್ನ ಹೆಲ್ಮೆಟ್ ತೆಗೆದು ಅವರ ಟೋಪಿಯ ಮೇಲೇ ಇಟ್ಟಳು. ಅದು ಕಿವಿಯವರೆಗೂ ಇಳಿಯಿತು. ನಗು ಬರಬೇಕಿತ್ತು, ಯಾರಿಗೂ ಬರಲಿಲ್ಲ.

ಮೂರನೆಯ ಮೆಟ್ಟಿಲ ಮುಂದೆ ಅವರು ನಿಂತರು. ನಿಂತೇ ಇದ್ದರು. ಓಡಿಬಿಡುತ್ತಾರೇನೋ ಅನ್ನಿಸಿತು. ಆಮೇಲೆ ಬಗ್ಗಿ, ಮೆಟ್ಟಿಲನ್ನು ಅಂಗೈಯಿಂದ ಒರೆಸಿ, ಕೂತರು.

“ಹೊಡೀರೋ.”

ಸುತ್ತಿಗೆ ಬಿತ್ತು. ಕಂಬ ಕಳಚಿತು. ನಾವೆಲ್ಲ ಮೇಲೆ ನೋಡಿದೆವು. ಚಾವಣಿ ಒಂದು ಎಳೆಯಷ್ಟೂ ಅಲ್ಲಾಡಲಿಲ್ಲ. ಹುಡುಗಿ ಅಳತೆ ಮಾಡಿ ಕೈ ಎತ್ತಿದಳು, ಕೆಲಸದವರು ಚಪ್ಪಾಳೆ ತಟ್ಟಿದರು. ನಾನು ಮೆಟ್ಟಿಲು ಹತ್ತಿ ಓಡಿದೆ. ಚಾಚಾ ಮೇಲೆ ನೋಡುತ್ತಿರಲಿಲ್ಲ. ನಾನು ಕಂಡಂತೆ ಅದೇ ಮೊದಲ ಸಲ. ಅವರು ಮೈದಾನದ ಉತ್ತರ ಮೂಲೆಯನ್ನೇ ನೋಡುತ್ತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು.

“ಮೇಡಂ, ಇಲ್ಲಿಂದ ಮರದ ಹಿಂದೆ ಪೂರ್ತಿ ಕಾಣುತ್ತೆ,” ಅಂದರು. “ಕೆಳಗಿಂದ ನೋಡಿದ್ರೆ ಬೊಡ್ಡೆ ಅಡ್ಡ. ಇಲ್ಲಿ ಕೂತ್ರೆ ಪಕ್ಕದಿಂದ ಕಾಣುತ್ತೆ. ಉಸ್ತಾದ್ ನನ್ನ ನೋಡಿದ್ರು. ಹೊಟ್ಟೆನೋವಲ್ಲ ಅಂತ ಗೊತ್ತಿತ್ತು. ಕಂಬಿ ಕೆಳಗೈತೆ ಅಂತಾನೂ ಗೊತ್ತಾಗಿರುತ್ತೆ, ನನ್ನ ಮುಖ ನೋಡಿ. ಗೊತ್ತಿದ್ದೂ ಎದ್ದು ಬರಲಿಲ್ಲ.”

“ಆಯ್ತು ಚಾಚಾ, ಏಳಿ. ಮರ ಕಡಿದು ಎಷ್ಟು ವರ್ಷ ಆಯ್ತು.”

“ಮರ ಇಲ್ಲ, ಹೌದು. ಆ ಇಪ್ಪತ್ತೆರಡರ ಹುಡುಗ ಮಾತ್ರ ಅಲ್ಲೇ ನಿಂತಿದಾನೆ. ನೋಡಿ, ಹೆಂಗೆ ನಡುಗ್ತಿದಾನೆ ಪಾಪ.”

ಅವರು ಎಡಗೈ ಎತ್ತಿ ಬೀಸಿ, ಮನೆಮಾತಿನಲ್ಲಿ, ಮಗನನ್ನು ಕರೆಯುವ ದನಿಯಲ್ಲಿ ಕರೆದರು: “ಆಜಾ ರೇ... ಕುಛ್ ನೈ ಹುಆ. ಬಾರೋ. ಏನೂ ಆಗ್ಲಿಲ್ಲ.”

ನಾನು ತಿರುಗಿ ನೋಡಿದೆ. ಅಲ್ಲಿದ್ದದ್ದು ನನ್ನ ಮಕ್ಕಳು ಮಾತ್ರ, ಒತ್ತೊತ್ತಾಗಿ ನಿಂತ ಎರಡು ಸಾಲು. ಚಾಚಾ ಕರೆದದ್ದು ಅಷ್ಟು ದೂರಕ್ಕೆ ಕೇಳಿಸಿರಲಾರದು. ಹಿಂದಿನ ಸಾಲಿನ ಇಬ್ಬರು ಹುಡುಗಿಯರು ಸ್ವಲ್ಪ ಆಚೀಚೆ ಸರಿದರು, ಆಮೇಲೆ ಮುಂದಿನ ಸಾಲಿನ ಇಬ್ಬರು. ಒಬ್ಬ ಮನುಷ್ಯ ಹಾಯ್ದು ಬರುವಷ್ಟು ದಾರಿಯಾಯಿತು. ಸರಿಯಿರಿ ಎಂದು ನಾನು ಹೇಳಿರಲಿಲ್ಲ.